ಅಪ್‌ಡೇಟ್: ಇ-ಮೌಂಟನ್ ಬೈಕ್‌ಗೆ ಚಿಕ್ಕ ಚೈನ್‌ರಿಂಗ್ ಹಾಕಿಸಿದೆ

ಮುಳ್ಳಯ್ಯನಗಿರಿ ಏರಿನಲ್ಲಿ ಎಲ್ಲಕ್ಕಿಂತ ಹಗುರ ಗೇರ್‌ನಲ್ಲೂ ಪೆಡಲ್ ತುಳಿಯೋಕೆ ಕಷ್ಟ, ಮೋಟಾರೂ ಏದುಸಿರು ಬಿಡುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಹಿಂದಿನ ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು) ಬದಲಿಸಿ ಅಂದವರೂ ಇದ್ದರು, ಮುಂದಿನ ಚೈನ್‌ರಿಂಗ್ (ಪೆಡಲ್ ಪಕ್ಕದ ಹಲ್ಲುಚಕ್ರ) ಬದಲಿಸಿ ಅಂದವರೂ ಇದ್ದರು. ಎರಡನೆಯದನ್ನೇ ಮಾಡಿದೆ. ಕ್ಯಾಸೆಟ್ ಈಗಾಗಲೇ 11-46, ಅಂದರೆ ಚಿಕ್ಕ ಹಲ್ಲುಚಕ್ರಕ್ಕೆ 11 ಹಲ್ಲು, ದೊಡ್ಡದಕ್ಕೆ 46. ಅದಕ್ಕಿಂತ ದೊಡ್ಡದು ಹಾಕಿದರೆ ಡಿರೇಲರ್ (ಚೈನನ್ನು ಒಂದು ಗೇರ್‌ನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಕೂಡ ಬದಲಿಸಬೇಕು, ಖರ್ಚು ಜಾಸ್ತಿ.

34 ಹಲ್ಲಿನ ಚೈನ್‌ರಿಂಗ್ ತೆಗೆದು 30ರದ್ದು ಹಾಕಿಸಿದೆ. ಗೇರ್ ಸುಮಾರು ಶೇ. 12ರಷ್ಟು ಹಗುರಾಯಿತು. ನನ್ನದು 29 ಇಂಚಿನ ಚಕ್ರ. ಎಲ್ಲಕ್ಕಿಂತ ಹಗುರ ಗೇರ್‌ನಲ್ಲಿ ನಿಮಿಷಕ್ಕೆ 70 ಸುತ್ತು ತುಳಿಯಲು ಮೊದಲು ಗಂಟೆಗೆ 7 ಕಿ.ಮೀ. ದಾಟಬೇಕಿತ್ತು, ಈಗ 6ಕ್ಕಿಂತ ಸ್ವಲ್ಪ ಜಾಸ್ತಿ ಸಾಕು. ಕೇಳೋಕೆ ಅಲ್ಪ, ಆದರೆ ಕಡಿದಾದ ತಿರುವಿನಲ್ಲಿ ಕಾಲಿಗೆ ಗೊತ್ತಾಗುತ್ತದೆ! ಮಿಡ್-ಡ್ರೈವ್ (ಪೆಡಲ್ ಬಳಿ ಕೂರುವ) ಮೋಟಾರಿಗೂ ಚುರುಕಾಗಿ ತುಳಿದರೇ ಹಿತ. ನಿಧಾನಕ್ಕೆ ಒತ್ತಿ ತುಳಿದರೆ ಬಿಸಿಯಾಗೋದೇ ಹೆಚ್ಚು.

ಸ್ಪೀಡ್ ಕಡಿಮೆಯಾಗುತ್ತೆ ಅಂತ ಒಬ್ಬರು ಹೆದರಿಸಿದ್ದರು. ಹಾಗೇನಿಲ್ಲ. ಮುಂದೆ 30, ಹಿಂದೆ 11 ಹಲ್ಲಿನ ಗೇರ್‌ನಲ್ಲಿ ಗಂಟೆಗೆ 25 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 67 ಸುತ್ತು ಸಾಕು. ಅದರಾಚೆ ಮೋಟಾರ್ ಸಹಾಯ ಹೇಗೂ ಇಲ್ಲ, ಅಲ್ವಾ? ಸೆನ್ಸರ್ ಚಕ್ರದ ವೇಗ ನೋಡುವುದರಿಂದ ಸೆಟ್ಟಿಂಗ್ ಮುಟ್ಟಬೇಕಿಲ್ಲ.

ಚೈನ್ ಸಡಿಲವಾಗಿ, ಎರಡು ಕೊಂಡಿ ತೆಗೆಯಬೇಕಾಯಿತು. ಚೈನ್‌ರಿಂಗ್ ಕೊಳ್ಳುವಾಗ ಮೋಟಾರಿಗೆ ಹೊಂದುವ ಮೌಂಟ್ (ಕೂರಿಸುವ ಜೋಡಣೆ), ಆಫ್‌ಸೆಟ್ (ಚೈನ್‌ರಿಂಗ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನೋದು) ಎರಡನ್ನೂ ನೋಡಿ. ಹಳೇ ಬಾಷ್ ಮೋಟಾರಿನವರಿಗೆ ಈ ಲೆಕ್ಕ ನೇರವಾಗಿ ಹೊಂದುವುದಿಲ್ಲ: ಅದರ ಪುಟ್ಟ ಚೈನ್‌ರಿಂಗ್ ಪೆಡಲ್ ಒಂದು ಸುತ್ತಿಗೆ ಎರಡೂವರೆ ಸುತ್ತು ತಿರುಗುತ್ತದೆ.