ಅನ್ನ ಬಿಟ್ಟು ಮುದ್ದೆ ಹಿಡಿದೆ, ತೂಕ ಅಲ್ಲಾಡುತ್ತಿಲ್ಲ. ನಮ್ಮ ಮನೆ ಊಟದಲ್ಲಿ ಲೋ ಕಾರ್ಬ್ ಆಗುತ್ತಾ?

ವಿಜಯನಗರ_ಅಮ್ಮ:

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ, ಎತ್ತರ 158 ಸೆಂ.ಮೀ., ತೂಕ 78 ಕೆ.ಜಿ. ಎರಡನೇ ಮಗು ಆದ ಮೇಲೆ ಏರಿದ ತೂಕ ಇಳಿದೇ ಇಲ್ಲ. ಮಗುವಿಗೆ ಈಗ 4 ವರ್ಷ. ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಮೆಜೆಸ್ಟಿಕ್‌ನಲ್ಲಿ ಒಂದು ಸಲ, ಆರ್.ವಿ. ರೋಡ್‌ನಲ್ಲಿ ಒಂದು ಸಲ ಮೆಟ್ರೋ ಬದಲಿಸಿ ಮನೆ ಸೇರುವಾಗ ರಾತ್ರಿ 8 ಆಗಿರುತ್ತದೆ. ಆ ಹೊತ್ತಿಗೆ ಎಷ್ಟು ಹಸಿವು ಅಂದರೆ ಬ್ಯಾಗ್ ಕೆಳಗಿಡುವ ಮೊದಲೇ ಚಕ್ಕುಲಿ ಡಬ್ಬಕ್ಕೆ ಕೈ ಹೋಗುತ್ತದೆ.

ಎರಡು ತಿಂಗಳ ಹಿಂದೆ 80 ಕೆ.ಜಿ. ಇದ್ದೆ. ಲೋ ಕಾರ್ಬ್ ಅಂತ, ಅಂದರೆ ಪಿಷ್ಟ, ಸಕ್ಕರೆ ಕಮ್ಮಿ ಮಾಡಬೇಕು ಅಂತ, ಮೊದಲ ಹತ್ತು ದಿನ ಬರೀ ಮೊಟ್ಟೆ, ಪನೀರ್, ಸೌತೆಕಾಯಿ ತಿಂದೆ. 3 ಕೆ.ಜಿ. ಇಳಿಯಿತು, ಆದರೆ ತಲೆನೋವು, ಸುಸ್ತು, ರಾತ್ರಿ ಕಾಲು ಹಿಡಿದುಕೊಳ್ಳುವುದು. ತಡೆಯಲಾಗಲಿಲ್ಲ. ಆಮೇಲೆ ಅನ್ನ ಮಾತ್ರ ಬಿಟ್ಟು ಮಧ್ಯಾಹ್ನದ ಡಬ್ಬಿಗೆ ನವಣೆ ಉಪ್ಪಿಟ್ಟು ಅಥವಾ ಎರಡು ಚಪಾತಿ, ಸಂಜೆ ಹಣ್ಣು, ರಾತ್ರಿ ಮುದ್ದೆ ಸಾರು ಅಂತ ಮಾಡಿಕೊಂಡೆ. 1 ಕೆ.ಜಿ. ವಾಪಸ್ ಬಂತು, ಅಲ್ಲಿಗೆ ನಿಂತೇ ಹೋಯಿತು. ಒಂದು ತಿಂಗಳಾಯಿತು, ಮಷೀನು ಏರಿ ನೋಡಿದರೆ ಅದೇ 78.

ಮನೆಯಲ್ಲಿ ಮೊಟ್ಟೆ ಮಾಡುತ್ತೇವೆ, ಮಾಂಸ ಇಲ್ಲ. ಅತ್ತೆಯವರೇ ಅಡುಗೆ ಮಾಡುವುದು, ಅವರಿಗೆ ಅನ್ನ ಬಡಿಸದಿದ್ದರೆ ಊಟ ಹಾಕಿದ ಹಾಗೇ ಅಲ್ಲ. ನನಗೆ ಅಂತ ಬೇರೆ ಅಡುಗೆ ಮಾಡಿಸಲು ಮನಸ್ಸಿಲ್ಲ. ಇನ್ನೊಂದು ವಿಷಯ, ನನ್ನನ್ನು ನೋಡಿ ಮಾವನವರೂ (66 ವರ್ಷ, ಶುಗರ್ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ) ನಾಳೆಯಿಂದ ಅನ್ನ ಬಿಡುತ್ತೇನೆ ಅಂತಿದ್ದಾರೆ. ಬಿಡಬಹುದಾ? ನಾನು ಎಲ್ಲಿ ತಪ್ಪುತ್ತಿದ್ದೇನೆ, ಗೊತ್ತಿರುವವರು ದಯವಿಟ್ಟು ಹೇಳಿ.

ಬಸ್ಸಾರು_ಪ್ರಿಯೆ:

ಅಕ್ಕ, ನಿಮ್ಮ ಕಥೆ ಓದಿ ನನ್ನದೇ ಓದಿದ ಹಾಗಾಯಿತು. ನಾನು 14 ತಿಂಗಳಲ್ಲಿ 11 ಕೆ.ಜಿ. ಇಳಿಸಿದ್ದೇನೆ, ಅದೂ ಮನೆಯ ಅಡುಗೆಯಲ್ಲೇ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಮುದ್ದೆ ವಿಷಯ. ರಾಗಿ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. 100 ಗ್ರಾಂ ಹಿಟ್ಟಿನಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ, ಅಕ್ಕಿಗಿಂತ ನಾರು ಎಷ್ಟೋ ಜಾಸ್ತಿ. ಆದರೆ ಅದು ಲೋ ಕಾರ್ಬ್ ಅಲ್ಲ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬ್ ಇದ್ದರೆ ರಾಗಿ ಹಿಟ್ಟಿನಲ್ಲಿ ಸುಮಾರು 70. ಒಂದು ಮುದ್ದೆಗೆ 75 ಗ್ರಾಂ ಹಿಟ್ಟು ಹಿಡಿದರೆ 50 ಗ್ರಾಂ ಕಾರ್ಬ್ ಆಯಿತು, ಅಂದರೆ ದೊಡ್ಡ ಬಟ್ಟಲು ಅನ್ನ ಉಂಡಷ್ಟೇ. ನವಣೆ, ಸಾಮೆ, ಗೋಧಿಯದೂ ಹೆಚ್ಚುಕಡಿಮೆ ಇದೇ ಲೆಕ್ಕ. ನೀವು ಅನ್ನ ಬಿಟ್ಟಿರಿ, ಕಾರ್ಬ್ ಬಿಡಲಿಲ್ಲ. ಇದು ನಿಮ್ಮ ತಪ್ಪಲ್ಲ, ಸಿರಿಧಾನ್ಯ ಎಷ್ಟು ತಿಂದರೂ ತೂಕ ಏರುವುದಿಲ್ಲ ಅಂತ ಎಲ್ಲರೂ ಹೇಳಿಬಿಡುತ್ತಾರೆ.

ಮೊದಲು ಇಳಿದ 3 ಕೆ.ಜಿ.ಯಲ್ಲಿ ಹೆಚ್ಚಿನದು ನೀರು. ಲಿವರ್‌ನಲ್ಲಿ, ಮಾಂಸಖಂಡದಲ್ಲಿ ದೇಹ ಸಕ್ಕರೆಯನ್ನು ಗ್ಲೈಕೋಜನ್ ಮಾಡಿ ಕೂಡಿಡುತ್ತದೆ, ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಕಾರ್ಬ್ ನಿಲ್ಲಿಸಿದ ತಕ್ಷಣ ಅದು ಖಾಲಿಯಾಗುತ್ತದೆ, ನೀರೂ ಹೋಗುತ್ತದೆ. ಆ ನೀರಿನ ಜೊತೆ ಉಪ್ಪೂ ಹೋಗುತ್ತದೆ, ತಲೆನೋವು ಸುಸ್ತು ಬರುವುದು ಹೆಚ್ಚಾಗಿ ಅದಕ್ಕೇ. ಬಿಪಿ ಇಲ್ಲದವರು ಆ ದಿನಗಳಲ್ಲಿ ಉಪ್ಪು, ಇಂಗು, ಕರಿಬೇವು ಹಾಕಿದ ನೀರು ಮಜ್ಜಿಗೆ ಎರಡು ಮೂರು ಲೋಟ ಕುಡಿದರೆ ಎಷ್ಟೋ ಆರಾಮ.

ಇನ್ನು ನಮ್ಮ ಅಡುಗೆಯಲ್ಲಿ ಹೇಗೆ ಅಂತ. ಬಸ್ಸಾರು ಮಾಡುವ ದಿನ ನೆನಪು ಮಾಡಿಕೊಳ್ಳಿ. ದಂಟಿನ ಸೊಪ್ಪು, ಕಾಳು ಬೇಯಿಸಿ, ಕಟ್ಟು ಬಸಿದು ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ. ಎಲ್ಲರಿಗೂ ಒಂದೇ ಅಡುಗೆ. ಅವರು ಎರಡು ಮುದ್ದೆಗೆ ಒಂದು ಸೌಟು ಪಲ್ಯ ಹಾಕಿಕೊಂಡರೆ ನೀವು ನಿಂಬೆಹಣ್ಣಿನ ಗಾತ್ರದ ಮುದ್ದೆಗೆ ಎರಡು ಬಟ್ಟಲು ಪಲ್ಯ ಹಾಕಿಕೊಳ್ಳಿ, ಸಾರನ್ನು ಲೋಟದಲ್ಲಿ ಕುಡಿಯಿರಿ. ನಾನು ಮಾಡಿದ್ದು ಇಷ್ಟೇ, ತಟ್ಟೆಯಲ್ಲಿ ಅನ್ನದ ಜಾಗಕ್ಕೆ ಪಲ್ಯ, ಪಲ್ಯದ ಜಾಗಕ್ಕೆ ಅನ್ನ. ಹೀರೇಕಾಯಿ, ಸೋರೆಕಾಯಿ, ಹುರುಳಿಕಾಯಿ, ಎಲೆಕೋಸು, ಬದನೆಕಾಯಿ, ಸೀಮೆಬದನೆ, ತೊಂಡೆಕಾಯಿ, ಎಲ್ಲ ಸೊಪ್ಪು ಧಾರಾಳವಾಗಿ ತಿನ್ನಿ. ಆಲೂಗಡ್ಡೆ, ಗೆಣಸು, ಬಾಳೆಕಾಯಿ ಪಲ್ಯದ ಲೆಕ್ಕಕ್ಕೆ ಬರುವುದಿಲ್ಲ, ಅವು ಅನ್ನದ ಲೆಕ್ಕ.

ಕೀಟೋದವರು (ಕಾರ್ಬ್ ಬಹುತೇಕ ಬಿಟ್ಟು ಕೊಬ್ಬೇ ಹೆಚ್ಚು ತಿನ್ನುವವರು) ಹೇಳುವ ದಿನಕ್ಕೆ 20 ಗ್ರಾಂ ಕಾರ್ಬ್ ಹಿಂದೆ ಬೀಳಬೇಡಿ. ಮಾಂಸ ತಿನ್ನದವರಿಗೆ ಪ್ರೋಟೀನ್ ಬರುವುದೇ ಬೇಳೆ, ಕಾಳು, ಹಾಲು, ಮೊಸರಿನಿಂದ, ಅದರಲ್ಲೆಲ್ಲ ಕಾರ್ಬ್ ಇದ್ದೇ ಇರುತ್ತದೆ. ದಿನಕ್ಕೆ 130 ಗ್ರಾಂ ಒಳಗಿದ್ದರೆ ಲೋ ಕಾರ್ಬ್ ಅಂತಲೇ ಹೇಳುತ್ತಾರೆ, ನಾನು 100ರಿಂದ 120ರಲ್ಲಿ ಇದ್ದೆ. ಎರಡು ಮೊಟ್ಟೆ, 100 ಗ್ರಾಂ ಪನೀರ್, ಎರಡು ಬಟ್ಟಲು ಮೊಸರು, 50 ಗ್ರಾಂ ಬೇಳೆ ಅಥವಾ ಕಾಳು, ಒಂದು ಹಿಡಿ ಸೋಯಾ ಚಂಕ್ಸ್ ಸೇರಿದರೆ 60 ಗ್ರಾಂ ಹತ್ತಿರ ಪ್ರೋಟೀನ್ ಆಗುತ್ತದೆ. ಇದಾದ ಮೇಲೆ ಅರ್ಧ ಬಟ್ಟಲು ಅನ್ನಕ್ಕೋ ಒಂದು ಚಪಾತಿಗೋ ಜಾಗ ಉಳಿಯುತ್ತದೆ. ಅತ್ತೆಯವರ ಕೈಯಿಂದ ಆ ಅರ್ಧ ಬಟ್ಟಲು ಅನ್ನ ಬಡಿಸಿಕೊಳ್ಳಿ ಅಕ್ಕ, ಅವರಿಗೂ ಸಮಾಧಾನ.

ರಾತ್ರಿ 8ರ ಹಸಿವಿಗೆ ಮದ್ದು ಸಂಜೆ 5ಕ್ಕೇ ಇದೆ. ಆಫೀಸಿನಲ್ಲಿ ಒಂದು ಸಣ್ಣ ಡಬ್ಬಿ ಹೆಸರುಕಾಳು ಉಸಲಿ ಅಥವಾ ಬೇಯಿಸಿದ ಮೊಟ್ಟೆ ತಿಂದು ಹೊರಡಿ, ಚಕ್ಕುಲಿ ಡಬ್ಬ ನೆನಪಿಗೇ ಬರುವುದಿಲ್ಲ.

ಜಯನಗರ_ಮಗ:

ಮೇಡಂ, ನಿಮ್ಮ ಮಾವನವರ ಬಗ್ಗೆ ಮಾತ್ರ ಬರೆಯುತ್ತೇನೆ, ದಯವಿಟ್ಟು ಇದನ್ನು ಇವತ್ತೇ ಓದಿ.

ನಮ್ಮ ಅಪ್ಪ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಿದ್ದರು. ಯಾರೋ ಹೇಳಿದರು ಅಂತ ಒಂದು ದಿನ ರಾತ್ರಿ ಊಟಕ್ಕೆ ಅನ್ನ ಬಿಟ್ಟು ಬರೀ ಪಲ್ಯ ತಿಂದು ಮಲಗಿದರು, ಮಾತ್ರೆ ಮಾತ್ರ ಎಂದಿನಂತೆ ನುಂಗಿದರು. ಬೆಳಗಿನ ಜಾವ 3 ಗಂಟೆಗೆ ಅಮ್ಮ ಎಬ್ಬಿಸಿದಾಗ ಅಪ್ಪನ ಬನಿಯನ್ ಒದ್ದೆ, ಕೈ ನಡುಗುತ್ತಿದೆ, ಮಾತು ತೊದಲುತ್ತಿದೆ. ಮನೆಯ ಮಷೀನಿನಲ್ಲಿ ನೋಡಿದರೆ ಶುಗರ್ 54. ಎಚ್ಚರ ಇತ್ತು, ನುಂಗುವ ಹಾಗಿದ್ದರು, ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿದೆವು, 82 ಬಂತು. ಆ 15 ನಿಮಿಷ ನಾನು ಜನ್ಮದಲ್ಲಿ ಮರೆಯುವುದಿಲ್ಲ.

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ತರಹದ ಮಾತ್ರೆ ಅಥವಾ ಇನ್ಸುಲಿನ್ ಇದ್ದವರು ಕಾರ್ಬ್ ಕಮ್ಮಿ ಮಾಡಿ ಔಷಧಿ ಅಷ್ಟೇ ಇಟ್ಟುಕೊಂಡರೆ ಶುಗರ್ ಕೆಳಗೆ ಬೀಳಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಹೆಸರಿರುವ ಮಾತ್ರೆ ಇದ್ದರೆ ಇನ್ನೊಂದು ಅಪಾಯ. ಕಾರ್ಬ್ ತುಂಬಾ ಕಮ್ಮಿಯಾದಾಗ ರಕ್ತದಲ್ಲಿ ಕೀಟೋನ್ (ದೇಹ ಕೊಬ್ಬು ಕರಗಿಸುವಾಗ ಬರುವ ಆಮ್ಲ) ವಿಪರೀತ ಏರಿ ವಾಂತಿ, ಹೊಟ್ಟೆನೋವು, ಏದುಸಿರು ಬರಬಹುದು, ಆಗ ಶುಗರ್ ನೋಡಿದರೆ ಜಾಸ್ತಿ ಇಲ್ಲದೆಯೂ ಇರಬಹುದು. ಬಿಪಿ ಮಾತ್ರೆ ಡೋಸನ್ನೂ ಬದಲಿಸಬೇಕಾಗಬಹುದು. ಕಿಡ್ನಿ ತೊಂದರೆ ಇದ್ದರೆ ಪ್ರೋಟೀನ್ ಜಾಸ್ತಿ ಮಾಡುವ ಮೊದಲು ಕೇಳಲೇಬೇಕು. ಅನ್ನ ಕಮ್ಮಿ ಮಾಡುವುದು ಅವರಿಗೆ ಒಳ್ಳೆಯದೇ ಆಗಬಹುದು, ನಮ್ಮಪ್ಪನಿಗೂ ಆಮೇಲೆ ಒಳ್ಳೆಯದೇ ಆಯಿತು. ಆದರೆ ಮಾತ್ರೆ ಚೀಟಿ ಹಿಡಿದುಕೊಂಡು ಮೊದಲು ಡಾಕ್ಟರ ಹತ್ತಿರ, ಆಮೇಲೆ ಅಡುಗೆಮನೆಗೆ.

ಲಾಲ್‌ಬಾಗ್_ನಡಿಗೆ:

ಮೇಲಿನ ಎರಡೂ ಉತ್ತರ ಚೆನ್ನಾಗಿವೆ, ಆದರೆ ಒಂದು ಮಾತು ಬಿಟ್ಟುಹೋಗಿದೆ ಅನಿಸಿತು. ಕಾರ್ಬ್ ಕಮ್ಮಿ ಆಯಿತು ಅಂತ ಎಣ್ಣೆ, ಕೊಬ್ಬಿಗೆ ಲೆಕ್ಕ ಇಡದಿದ್ದರೆ ತೂಕ ಇಳಿಯುವುದಿಲ್ಲ. ಒಂದು ಗ್ರಾಂ ಕಾರ್ಬ್‌ಗೆ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿಗೆ 9. ಕಡ್ಲೆಕಾಯಿ ಬೀಜ ಒಂದು ಹಿಡಿ, ಅಂದರೆ 30 ಗ್ರಾಂ, 170 ಕ್ಯಾಲೊರಿ. ಟಿವಿ ಮುಂದೆ ಕೂತರೆ ಒಂದು ಹಿಡಿಗೆ ಯಾರೂ ನಿಲ್ಲಿಸುವುದಿಲ್ಲ ಅಲ್ವಾ? ನನ್ನ ತೂಕ ಮೂರು ತಿಂಗಳು ಇಳಿಯದೆ ನಿಂತಿದ್ದು ಇದರಿಂದಲೇ. ಬೆಣ್ಣೆ, ತುಪ್ಪ, ಬಾದಾಮಿ ಎಷ್ಟು ಬೇಕಾದರೂ ತಿನ್ನಬಹುದು ಅಂದುಕೊಂಡಿದ್ದೆ. ಬರೀ ಸೊಂಟ ಅಲ್ಲ, ಕೆಟ್ಟ ಕೊಲೆಸ್ಟ್ರಾಲೂ ಏರಿತ್ತು. ಎಣ್ಣೆಗೆ ಚಮಚ ಇಟ್ಟುಕೊಂಡ ಮೇಲೆ ಎರಡೂ ಇಳಿದವು.

ಲೋ ಕಾರ್ಬ್ ಒಂದೇ ದಾರಿ ಅಂತಲೂ ಅಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು 609 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿ 2018ರಲ್ಲಿ ಫಲಿತಾಂಶ ಕೊಟ್ಟರು. ಕೊಬ್ಬು ಕಮ್ಮಿ ಮಾಡಿದವರು ಸರಾಸರಿ 5.3 ಕೆ.ಜಿ., ಕಾರ್ಬ್ ಕಮ್ಮಿ ಮಾಡಿದವರು 6 ಕೆ.ಜಿ. ಇಳಿದಿದ್ದರು, ಅದು ಹೇಳಿಕೊಳ್ಳುವಷ್ಟು ವ್ಯತ್ಯಾಸ ಅಲ್ಲ ಅಂತ ಅವರೇ ಹೇಳಿದರು. ಎರಡೂ ಗುಂಪಿಗೆ ಸಕ್ಕರೆ, ಮೈದಾ ಬಿಟ್ಟು ತರಕಾರಿ ಜಾಸ್ತಿ ತಿನ್ನಲು ಹೇಳಿದ್ದರು. ಹಾಗಂತ ನಿಮ್ಮನ್ನು ತಡೆಯುತ್ತಿಲ್ಲ. ನನಗೆ ಲೋ ಕಾರ್ಬ್ ಹಿಡಿಸಿದ್ದು ಹಸಿವು ಕಮ್ಮಿಯಾಗುತ್ತದೆ ಅನ್ನೋ ಒಂದೇ ಕಾರಣಕ್ಕೆ. ನಿಮಗೂ ಹಾಗೆ ಅನಿಸಿದರೆ ಮುಂದುವರಿಸಿ, ಆರು ವಾರ ಮಾಡಿಯೂ ಒದ್ದಾಟವೇ ಆದರೆ ಅನ್ನ ಅಳತೆಯಲ್ಲಿ ಇಟ್ಟುಕೊಂಡು ಬೇರೆ ರೀತಿ ನೋಡಿ.

ದಿನಾ ಮಷೀನು ಏರಬೇಡಿ. ಮುಟ್ಟಿನ ಮುಂಚಿನ ವಾರ ಬರೀ ನೀರಿನಿಂದಲೇ ಒಂದೆರಡು ಕೆ.ಜಿ. ಏರುಪೇರಾಗಬಹುದು. ವಾರಕ್ಕೊಂದು ಸಲ ನೋಡಿ, ಟೇಪಿನಲ್ಲಿ ಸೊಂಟ ಅಳೆಯಿರಿ. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ. ಒಳಗಿದ್ದರೆ ಒಳ್ಳೆಯದು ಅನ್ನುತ್ತಾರೆ. ಥೈರಾಯಿಡ್ ಪರೀಕ್ಷೆ ಮಾಡಿಸಿಲ್ಲದಿದ್ದರೆ ಒಂದು ಸಲ ಮಾಡಿಸಿ.

ವಿಜಯನಗರ_ಅಮ್ಮ:

ಕಣ್ಣಲ್ಲಿ ನೀರು ಬಂತು, ಇಷ್ಟು ಬರೆದಿದ್ದೀರಿ. ಮಾವನವರ ಚೀಟಿ ನೋಡಿದೆ, ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಇದೆ. ಅವರನ್ನು ಕೂರಿಸಿಕೊಂಡು ಜಯನಗರದ ಅಣ್ಣ ಬರೆದದ್ದನ್ನು ಪೂರ್ತಿ ಓದಿ ಹೇಳಿದೆ. ಶನಿವಾರ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ, ಅಲ್ಲಿಯವರೆಗೆ ಎಂದಿನ ಊಟವೇ.

ಇನ್ನೆರಡು ಕೇಳಬೇಕಿತ್ತು. ವಾರದಲ್ಲಿ ಎರಡು ದಿನ ಬೆಳಿಗ್ಗೆ ತಿಂಡಿ ದರ್ಶಿನಿಯಲ್ಲೇ ಆಗುತ್ತದೆ, ಅಲ್ಲಿ ಏನು ತಿನ್ನುವುದು? ಮುಂದಿನ ವಾರ ಗೌರಿ ಹಬ್ಬ ಬೇರೆ, ಅತ್ತೆ ಒಬ್ಬಟ್ಟು ಮಾಡುತ್ತಾರೆ.

ಮಿಲಿಟರಿ_ಊಟ:

ದರ್ಶಿನಿ ನನ್ನ ವಿಷಯ, ಹತ್ತು ವರ್ಷದಿಂದ ಬೆಳಗಿನ ತಿಂಡಿ ಹೊರಗೇ. ನಿಜ ಹೇಳಬೇಕೆಂದರೆ ಅಲ್ಲಿ ಲೋ ಕಾರ್ಬ್ ಅನ್ನುವ ತಿಂಡಿ ಇಲ್ಲ. ಇಡ್ಲಿ, ದೋಸೆ, ಖಾರಾಬಾತ್, ಪೊಂಗಲ್ ಎಲ್ಲ ಅಕ್ಕಿ, ಇಲ್ಲ ರವೆಯೇ. ಹಾಗಾಗಿ ಕಮ್ಮಿ ತಿನ್ನುವ ದಾರಿ ನೋಡಿಕೊಳ್ಳಿ. ಮನೆಯಿಂದ ಎರಡು ಬೇಯಿಸಿದ ಮೊಟ್ಟೆ ತಿಂದು ಹೊರಡಿ, ಅಲ್ಲಿ ಒಂದೇ ಇಡ್ಲಿ, ಸಾಂಬಾರ್ ಜಾಸ್ತಿ ಬೇಡ (ಬೆಲ್ಲ ಹಾಕಿರುತ್ತಾರೆ), ಚಟ್ನಿ ಸಾಕು. ತಟ್ಟೆ ಇಡ್ಲಿ ಒಂದಕ್ಕೆ ಮಾಮೂಲಿ ಇಡ್ಲಿ ಎರಡರ ಲೆಕ್ಕ ಹಿಡಿಯಿರಿ. ಕಾಫಿ ಹೇಳುವಾಗಲೇ ಸಕ್ಕರೆ ಬೇಡ ಅಂತ ಗಟ್ಟಿಯಾಗಿ ಹೇಳಿ, ಲೋಟಕ್ಕೆ ಬಿದ್ದ ಮೇಲೆ ಹೇಳಿ ಪ್ರಯೋಜನವಿಲ್ಲ. ದಿನಕ್ಕೆ ಮೂರು ಕಾಫಿ, ಒಂದೊಂದಕ್ಕೆ ಎರಡು ಚಮಚ ಅಂದರೆ 25 ಗ್ರಾಂ ಮೇಲೆ ಸಕ್ಕರೆ, ಅದನ್ನು ಬಿಟ್ಟರೆ ಆ ಜಾಗಕ್ಕೆ ಒಂದು ಚಪಾತಿ ಬರುತ್ತದೆ. ಒಂದು ವಾರ ಕಹಿ ಅನಿಸುತ್ತದೆ, ಆಮೇಲೆ ಡಿಕಾಕ್ಷನ್ ರುಚಿ ಇಷ್ಟೊಂದು ಚೆನ್ನಾಗಿದೆಯಾ ಅಂತ ಗೊತ್ತಾಗುತ್ತದೆ.

ಮಾಂಸ ತಿನ್ನುವವರು ಯಾರಾದರೂ ಓದುತ್ತಿದ್ದರೆ, ಮಿಲಿಟರಿ ಹೋಟೆಲಿನಲ್ಲಿ ಬಿರಿಯಾನಿ ಬದಲು ಮಟನ್ ಚಾಪ್ಸ್, ಕಾಲ್ ಸೂಪ್, ಬೇಯಿಸಿದ ಮೊಟ್ಟೆ ಹೇಳಿ, ಹೊಟ್ಟೆ ತುಂಬುತ್ತದೆ.

ಬಸ್ಸಾರು_ಪ್ರಿಯೆ:

ಹಬ್ಬಕ್ಕೆ ಒಬ್ಬಟ್ಟು ಬಿಡಬೇಡಿ ಅಕ್ಕ. ಹಬ್ಬದ ಎಲೆಯಲ್ಲಿ ನಮಗೆ ಬೇಕಾದದ್ದೂ ಇರುತ್ತದೆ ನೋಡಿ, ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಮಜ್ಜಿಗೆ. ಮೊದಲು ಕೋಸಂಬರಿ, ಪಲ್ಯ ಎರಡೆರಡು ಸಲ ಹಾಕಿಸಿಕೊಳ್ಳಿ, ಚಿತ್ರಾನ್ನ, ಅನ್ನ ಬೇಡ ಅನ್ನಿ, ಕೊನೆಗೆ ಒಂದು ಒಬ್ಬಟ್ಟು ತುಪ್ಪ ಹಾಕಿಕೊಂಡು ನಿಧಾನವಾಗಿ ತಿನ್ನಿ. ಮಾರನೇ ದಿನ ಮಷೀನು ಏರಬೇಡಿ, ಏರಿದರೆ ನೀರಿನ ತೂಕ ಜಾಸ್ತಿ ತೋರಿಸಿ ಸುಮ್ನೆ ಮನಸ್ಸು ಕೆಡುತ್ತದೆ. ಮಿಕ್ಕಿದ ಒಬ್ಬಟ್ಟನ್ನು ಅವತ್ತೇ ಅಕ್ಕಪಕ್ಕದವರಿಗೆ ಹಂಚಿಬಿಡಿ. ತೊಂದರೆ ಆಗುವುದು ಹಬ್ಬದ ದಿನ ಅಲ್ಲ, ಮುಂದಿನ ನಾಲ್ಕು ದಿನ.

ವಿಜಯನಗರ_ಅಮ್ಮ:

ಸರಿ, ಹಾಗೇ ಮಾಡುತ್ತೇನೆ. ಇವತ್ತು ಟೇಪ್ ತಂದು ಅಳೆದೆ, ಸೊಂಟ 98 ಸೆಂ.ಮೀ. ಇದೆ, ಬರೆದಿಟ್ಟುಕೊಂಡಿದ್ದೇನೆ. ಅತ್ತೆಗೆ ಬಸ್ಸಾರಿನ ವಿಷಯ ಹೇಳಿದಾಗ, ಬೇರೆ ಅಡುಗೆ ಮಾಡಬೇಕಿಲ್ಲ ಅಂದಿದ್ದಕ್ಕೇ ಮುಖ ಅರಳಿತು. ನಾಳೆ ಬೆಳಿಗ್ಗೆ ದಂಟಿನ ಸೊಪ್ಪು ತರಲು ಹೇಳಿದ್ದಾರೆ, ಎರಡು ಕಟ್ಟಲ್ಲ, ನಾಲ್ಕು ಕಟ್ಟು.