ಅಪ್‌ಡೇಟ್: ಅಡಲ್ಟ್ ಮಾಡೆಲಿಂಗೋ, ಫ್ಯಾಷನ್ನೋ? ತೀರ್ಮಾನ ಆಯ್ತು

ಅಡಲ್ಟ್ ಮಾಡೆಲಿಂಗ್, ಫ್ಯಾಷನ್ ಮಾಡೆಲಿಂಗ್ ಎರಡರಲ್ಲಿ ಯಾವುದನ್ನು ಆರಿಸಲಿ ಎಂದು ಹಿಂದೆ ಕೇಳಿದ್ದೆ. ಫ್ಯಾಷನ್ನೇ. ಮುಖ್ಯ ಕಾರಣ ಕಾನೂನು. ಚಂದಾದಾರರಿಗೆ ಅಡಲ್ಟ್ ಫೋಟೊ, ವಿಡಿಯೊ ಮಾರಬಹುದಾದ ಓನ್ಲಿಫ್ಯಾನ್ಸ್ ಜಾಲತಾಣ ಗಳಿಕೆಯಲ್ಲಿ 20% ಹಿಡಿದುಕೊಂಡು 80% ಕೊಡುತ್ತದೆ, ಲೆಕ್ಕವೇನೋ ಚೆನ್ನಾಗಿದೆ. ಆದರೆ ಭಾರತದಲ್ಲಿ ಕೂತು ಲೈಂಗಿಕ ಕ್ರಿಯೆಯ ಫೋಟೊ, ವಿಡಿಯೊ ಹಾಕಿದರೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ಎ ಸೆಕ್ಷನ್ ಕಾದಿದೆ: ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಕಂಪನಿ ವಿದೇಶದ್ದಾದರೂ ಅಪ್‌ಲೋಡ್ ಮಾಡಿದವರು ಇಲ್ಲೇ ಇರ್ತಾರಲ್ಲ! (ಒಳಉಡುಪಿನ ಜಾಹೀರಾತು ಬೇರೆ ಮಾತು, ಅದು ಫ್ಯಾಷನ್ನಿಗೇ ಸೇರುತ್ತೆ.)

ಬೆಂಗಳೂರಲ್ಲಿ ರ‍್ಯಾಂಪಿಗಿಂತ ಇ-ಕಾಮರ್ಸ್ ಕ್ಯಾಟಲಾಗ್ ಕೆಲಸವೇ (ಆನ್‌ಲೈನ್ ಅಂಗಡಿಗಳಿಗೆ ಬಟ್ಟೆ ತೊಟ್ಟು ಫೋಟೊ ತೆಗೆಸಿಕೊಳ್ಳೋದು) ಹೆಚ್ಚು. ಶುರುವಿಗೆ ದುಬಾರಿ ಫೋಟೊ ಆಲ್ಬಮ್, ಅಂದರೆ ಪೋರ್ಟ್‌ಫೋಲಿಯೊ ಬೇಡ. ಮೇಕಪ್ ಇಲ್ಲದೆ, ಬಿಳಿ ಗೋಡೆಯ ಮುಂದೆ, ಕಿಟಕಿ ಬೆಳಕಲ್ಲಿ, ಮೈಗೊಪ್ಪುವ ಸಾದಾ ಟೀಶರ್ಟ್-ಜೀನ್ಸ್ ಹಾಕಿ ಮುಖದ ಕ್ಲೋಸಪ್, ಪಕ್ಕ, ಹಿಂದೆ, ಪೂರ್ಣ ಎತ್ತರ ತೆಗೆಸಿದರೆ ಸಾಕು. ಫಿಲ್ಟರ್ ಮಾತ್ರ ಬೇಡ. ಮೈ ಅಳತೆಯಲ್ಲಿ ಸುಳ್ಳು ಹೇಳಿದರೆ ಸೆಟ್ಟಲ್ಲಿ ಬಟ್ಟೆ ಕೂರಲ್ಲ, ಮತ್ತೆ ಕರೆಯೋದೂ ಇಲ್ಲ.

ಒಪ್ಪಂದದಲ್ಲಿ ಫೋಟೊ ಯಾವ ಮಾಧ್ಯಮಕ್ಕೆ, ಯಾವ ದೇಶದಲ್ಲಿ, ಎಷ್ಟು ಕಾಲ ಅಂತ ಬರೆದಿರಬೇಕು. 'ಶಾಶ್ವತವಾಗಿ, ಎಲ್ಲ ಮಾಧ್ಯಮಗಳಲ್ಲೂ' ಎಂದಿದ್ದರೆ ಹೊಡೆದುಹಾಕಿಸಿ, ಇಲ್ಲವೇ ಹೆಚ್ಚು ದುಡ್ಡು ಕೇಳಿ. ಕೆಲಸ ಕೊಡಿಸುವ ಮಾಡೆಲಿಂಗ್ ಏಜೆನ್ಸಿಯ ಸಂಪಾದನೆ ಕಮಿಷನ್ನಿನಿಂದ ಬರಬೇಕು. ಮೊದಲೇ ನೋಂದಣಿ ಶುಲ್ಕ ಕೇಳುವವರಿಗೆ ದೂರದಿಂದಲೇ ನಮಸ್ಕಾರ.