‘ಇಳಿಯದ ವೃಷಣ’ ಮತ್ತು ‘ನಪುಂಸಕತ್ವ’: ಪದಬಳಕೆಯ ಬಗ್ಗೆ ಪ್ರಶ್ನೆ

ಮಾನ್ಯರೇ,

ಹುಟ್ಟುವ ಹೊತ್ತಿಗೆ ಚೀಲಕ್ಕೆ ಇಳಿದಿರಬೇಕಾದ ವೃಷಣವು ಹೊಟ್ಟೆಯೊಳಗೋ ತೊಡೆಸಂದಿಯಲ್ಲೋ ಉಳಿದುಬಿಡುವ ಸ್ಥಿತಿಯನ್ನು ಕೆಲವರು ‘ಗುಪ್ತವೃಷಣತೆ’ ಎಂದೂ ಕೆಲವರು ‘ಇಳಿಯದ ವೃಷಣ’ ಎಂದೂ ಬರೆಯುತ್ತಾರೆ. ಮೊದಲನೆಯದು ಕ್ರಿಪ್ಟಾರ್ಕಿಡಿಸಂ ಎಂಬ ಗ್ರೀಕ್ ಮೂಲದ ಪದಕ್ಕೆ ನಿಷ್ಠವಾಗಿದೆ, ನಿಜ. ಆದರೆ ಚಳಿಗೋ ಕೈ ತಾಗಿದಾಗಲೋ ಸ್ನಾಯು ಸೆಳೆದು ಮೇಲೆ ಸರಿದು, ಬಿಸಿನೀರಿನ ಸ್ನಾನದ ಹೊತ್ತಿಗೆ ತಾನಾಗಿ ಕೆಳಗೆ ಬರುವ ವೃಷಣವೂ ಹಾಗೆ ನೋಡಿದರೆ ‘ಗುಪ್ತ’ವೇ, ಅದಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ, ವರ್ಷಕ್ಕೊಮ್ಮೆ ವೈದ್ಯರಿಗೆ ತೋರಿಸುತ್ತಿದ್ದರೆ ಸಾಕು. ಹೀಗೆ ಮೇಲೆ ಕೆಳಗೆ ಸರಿಯುವುದನ್ನು ‘ಸರಿದಾಡುವ ವೃಷಣ’ ಎಂದು ಬೇರ್ಪಡಿಸಬಹುದೇ?

‘ಇಳಿಯದ’ ಎಂಬುದರಲ್ಲೂ ತೊಡಕಿದೆ. ನಮ್ಮ ನಿಷೇಧ ಕೃದಂತಕ್ಕೆ, ಅಂದರೆ ಕ್ರಿಯೆ ನಡೆಯದ್ದನ್ನು ಹೇಳುವ ಇಂಥ ರೂಪಕ್ಕೆ, ಕಾಲದ ಹಂಗಿಲ್ಲವಾದ್ದರಿಂದ ‘ಇನ್ನೂ ಇಳಿದಿಲ್ಲ’, ‘ಇನ್ನು ಇಳಿಯುವುದಿಲ್ಲ’ ಎಂಬ ಎರಡು ಅರ್ಥಗಳೂ ಅದರಲ್ಲಿ ಅಡಗಿವೆ. ದಿನ ತುಂಬಿ ಹುಟ್ಟಿದ ಗಂಡುಮಕ್ಕಳಲ್ಲಿ ನೂರಕ್ಕೆ ಸುಮಾರು 3 ಮಂದಿಯಲ್ಲಿ ಕಾಣುವ ಈ ತೊಂದರೆ ಬಹುಪಾಲು ಮೊದಲ ತಿಂಗಳುಗಳಲ್ಲೇ ತಾನಾಗಿ ಸರಿಹೋಗುತ್ತದೆ. 6 ತಿಂಗಳ ನಂತರ ಇಳಿಯುವುದು ಅಪರೂಪ, ಆದ್ದರಿಂದ 18 ತಿಂಗಳೊಳಗೆ ಶಸ್ತ್ರಚಿಕಿತ್ಸೆ ಮುಗಿಸಬೇಕೆಂಬುದು ವೈದ್ಯರ ಸಲಹೆ. ದೇಹದ ಒಳಗಿನ ಶಾಖ ಚೀಲದ ಶಾಖಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ಹೆಚ್ಚಿರುವುದರಿಂದ, ಮುಂದೆ ವೀರ್ಯಾಣುಗಳನ್ನು ಕೊಡಬೇಕಾದ ಕೋಶಗಳು ಎಳವೆಯಲ್ಲೇ ಕ್ಷೀಣಿಸತೊಡಗುತ್ತವೆ. ಹಾಗಾಗಿ ಕೂಸಿಗೆ ‘ಇನ್ನೂ ಇಳಿಯದ’ ಎಂದೂ ಆರು ತಿಂಗಳು ದಾಟಿದವನಿಗೆ ‘ಇಳಿಯದೇ ಉಳಿದ’ ಎಂದೂ ಬರೆದರೆ, ಕಾಯಬಹುದಾದ ಅವಧಿ ಎಲ್ಲಿಗೆ ಮುಗಿಯಿತೆಂಬುದು ತಂದೆತಾಯಿಯರಿಗೆ ಪದದಲ್ಲೇ ತಿಳಿಯುತ್ತದೆ ಎಂದು ನನಗನ್ನಿಸುತ್ತದೆ.

ಇದರ ಪರಿಣಾಮವನ್ನು ‘ನಪುಂಸಕತ್ವ’ ಎಂದು ಬರೆಯುವುದು ಮಾತ್ರ ತೀರಾ ತಪ್ಪು. ಗಂಡು ಹಾರ್ಮೋನನ್ನು ತಯಾರಿಸುವ ಕೋಶಗಳು ಶಾಖವನ್ನು ಹೆಚ್ಚು ತಾಳಿಕೊಳ್ಳುವುದರಿಂದ ಗಡ್ಡಮೀಸೆ, ದನಿ, ಲೈಂಗಿಕ ಸಾಮರ್ಥ್ಯ ಸಾಮಾನ್ಯವಾಗಿ ಎಲ್ಲರಂತೆಯೇ ಇರುತ್ತವೆ. ‘ವೀರ್ಯಾಣುಹೀನತೆ’ ಎರಡೂ ಕಡೆ ಚಿಕಿತ್ಸೆಯಿಲ್ಲದೆ ಬಿಟ್ಟವರಿಗೆ ಹೊಂದೀತು. ಒಂದೇ ಕಡೆಯ ತೊಂದರೆಯಿದ್ದು ಚಿಕಿತ್ಸೆ ಪಡೆದವರಲ್ಲಿ ಹೆಚ್ಚಿನವರು ತಂದೆಯಾಗುತ್ತಾರಾದ್ದರಿಂದ ಅವರಿಗೆ ಸಲ್ಲದು. ‘ಬಂಜೆ’ ಸ್ತ್ರೀವಾಚಕವಾದ್ದರಿಂದ ‘ಪುರುಷ ಬಂಜೆತನ’ ಎನ್ನಲು ಮನಸ್ಸು ಒಪ್ಪುತ್ತಿಲ್ಲ. ‘ಸಂತಾನಶಕ್ತಿಯ ಕೊರತೆ’ ಎಂಬುದು ಉದ್ದವಾಯಿತೇ? ಇದಕ್ಕಿಂತ ಚಿಕ್ಕದಾದ, ಆಡುಮಾತಿಗೆ ಹತ್ತಿರದ ಪದ ಬಲ್ಲವರು ದಯವಿಟ್ಟು ತಿಳಿಸಬೇಕು.